ಅಪ್‌ಡೇಟ್: ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೆ ಹೋಮ್ ಫೀ ಸಿಗುತ್ತದೆಯೇ?

ವಿದೇಶದಲ್ಲಿ ಬೆಳೆದ ಬ್ರಿಟಿಷ್ ಪ್ರಜೆ ಇಂಗ್ಲೆಂಡಿಗೆ ವಾಪಸಾದರೆ ಡಿಗ್ರಿಗೆ ಹೋಮ್ ಫೀ (ಸ್ಥಳೀಯ ವಿದ್ಯಾರ್ಥಿಗಳ ಕಡಿಮೆ ಫೀ) ಕೊಡಬೇಕೋ, ವಿದೇಶಿ ಫೀಯೋ ಎಂದು ಕೇಳಿದ್ದೆ. ಪಾಸ್‌ಪೋರ್ಟ್ ಒಂದೇ ಸಾಲದು. ಕೋರ್ಸಿನ ಮೊದಲ ಶೈಕ್ಷಣಿಕ ವರ್ಷ ಶುರುವಾಗುವ ದಿನಕ್ಕೆ ಹಿಂದಿನ 3 ವರ್ಷ ಬ್ರಿಟನ್ನಿನಲ್ಲೇ ವಾಸವಿರಬೇಕು. ತರಗತಿ ಆಗಸ್ಟ್–ಡಿಸೆಂಬರ್ ನಡುವೆ ಶುರುವಾದರೆ ಆ ದಿನ ಸೆಪ್ಟೆಂಬರ್ 1. 2025-26ಕ್ಕೆ ಹೋಮ್ ಫೀ ಗರಿಷ್ಠ 9,535 ಪೌಂಡ್. ವಿದೇಶಿ ಫೀಗೆ ಅಂಥ ಮಿತಿಯೇ ಇಲ್ಲ.

ಅಪ್ಪ ಅಮ್ಮ ತಾತ್ಕಾಲಿಕ ಕೆಲಸಕ್ಕೆಂದು ಹೊರಗಿದ್ದರೆ ಆ ಅವಧಿಯನ್ನೂ ವಾಸವೆಂದು ಪರಿಗಣಿಸಲು ಕೇಳಬಹುದು. ತೊಡಕಿರುವುದು ಇಲ್ಲೇ. ಕಾಂಟ್ರ್ಯಾಕ್ಟಿನಲ್ಲಿ ಮುಗಿಯುವ ದಿನಾಂಕ ಇಲ್ಲದಿದ್ದರೆ ಕೆಲಸ ತಾತ್ಕಾಲಿಕ ಎಂದು ತೋರಿಸುವುದು ಕಷ್ಟ. ಅವಧಿ ನಮೂದಿಸಿದ ಪತ್ರವನ್ನು ಕಂಪನಿಯಿಂದ ಮೊದಲೇ ಬರೆಸಿಕೊಳ್ಳಿ, ಬ್ರಿಟನ್ನಿನಲ್ಲಿ ಉಳಿಸಿಕೊಂಡ ಮನೆಯ ದಾಖಲೆಯನ್ನೂ ಜೊತೆಗಿಡಿ.

ಫೀ ತೀರ್ಮಾನಿಸುವುದು ಯೂನಿವರ್ಸಿಟಿ, ಓದಿನ ಸಾಲ ತೀರ್ಮಾನಿಸುವುದು ಸರ್ಕಾರಿ ಸಾಲ ನೀಡುವ ಸ್ಟೂಡೆಂಟ್ ಫೈನಾನ್ಸ್ ಇಂಗ್ಲೆಂಡ್. ಒಬ್ಬರು ಒಪ್ಪಿದರೆಂದು ಇನ್ನೊಬ್ಬರು ಒಪ್ಪಬೇಕಿಲ್ಲ.