ಪದಚರ್ಚೆ: ಕತ್ತಿಗೂ ‘ಹದ’, ದಿಂಬಿಗೂ ‘ಹದ’. ನಿಮ್ಮ ಕಡೆ ಹೇಗೆ ಹೇಳ್ತೀರಿ?

ಎಲ್ಲರಿಗೂ ನಮಸ್ಕಾರ.

ಒಂದು ಚಿಕ್ಕ ಪದದ ಬಗ್ಗೆ ನಿಮ್ಮನ್ನು ಕೇಳಬೇಕು. ಪದ ‘ಹದ’. ಎಲ್ಲರಿಗೂ ಗೊತ್ತಿರೋದೇ. ಆದರೆ ‘ಹರಿತ’ ಅನ್ನುವ ಅದರ ಒಂದು ಅರ್ಥ ಬರಹದಿಂದ ಜಾರಿಹೋಗುತ್ತಿದೆ ಅಂತ ನನಗೆ ಅನ್ನಿಸುತ್ತಿದೆ.

ಚಾಕು, ಕತ್ತಿ ಅಂದರೆ ನನಗೆ ತುಂಬ ಇಷ್ಟ. ಅಡುಗೆಮನೆಯ ಒಳ್ಳೆ ಚಾಕುಗಳನ್ನು ಹುಡುಕಿ ತರೋದು, ಕಲ್ಲಿನ ಮೇಲೆ ಮಸೆಯೋದು, ಟೊಮೇಟೊ ಸಿಪ್ಪೆಯ ಮೇಲೆ ಹರಿತ ನೋಡೋದು. ಇದೇ ಆಸಕ್ತಿಯ ಐದಾರು ಗೆಳೆಯರಿದ್ದೇವೆ. ಕಳೆದ ತಿಂಗಳು ಅವರಲ್ಲೊಬ್ಬರಿಗೆ ಕುತ್ತಿಗೆ ಹಿಡಿದುಕೊಂಡಿತು. ಮಾತು ಉಕ್ಕಿನಿಂದ ದಿಂಬಿನ ಕಡೆ ಹೊರಳಿತು. ಎರಡು ದಿನ ಅದೇ ಮಾತು. ಎರಡನ್ನೂ ಕನ್ನಡದಲ್ಲಿ ಬರೆದಿಡೋಣ ಅಂತ ಕೂತೆ. ಚಾಕುವಿನ ಬಗ್ಗೆ ಬರೆವಾಗಲೂ ದಿಂಬಿನ ಬಗ್ಗೆ ಬರೆವಾಗಲೂ ಕೊನೆಗೆ ಕೈಗೆ ಬಂದದ್ದು ಇದೊಂದೇ ಪದ.

ಮೊದಲು ಚಾಕು. ಅಂಗಡಿಯ ಜಾಹೀರಾತುಗಳಲ್ಲಿ ‘ಚೂಪಾದ ಬ್ಲೇಡ್’ ಅಂತ ಬರೆದಿರುತ್ತಾರೆ. ಶಾರ್ಪ್ ಅನ್ನೋದನ್ನು ಹಾಗೇ ತಂದು ಕೂರಿಸಿದ್ದು. ಕನ್ನಡದಲ್ಲಿ ಮೊನೆ ಚೂಪು, ಬಾಯಿ ಹರಿತ. ಸೂಜಿ ಚೂಪು, ಕ್ಷೌರದ ಕತ್ತಿ ಹರಿತ. ಜಪಾನಿನ ನಕಿರಿ ಚಾಕುವಿಗೆ ಮೊನೆಯೇ ಇರೋದಿಲ್ಲ, ತುದಿ ಚೌಕ. ಆದರೂ ಎಲೆಕೋಸನ್ನು ಎಳೆ ಎಳೆಯಾಗಿ ಹೆಚ್ಚುತ್ತೆ. ಅದನ್ನು ಚೂಪು ಅಂದರೆ ಏನೂ ಹೇಳಿದ ಹಾಗಾಗಲಿಲ್ಲ, ಅಲ್ವಾ?

‘ಬಾಯಿ’ ಅನ್ನೋದೂ ಎಷ್ಟು ಕೆಲಸಕ್ಕೆ ಬರುವ ಪದ ನೋಡಿ. ಬಾಯಿ ಮೊಂಡಾಗಿದೆ, ಬಾಯಿ ಮಡಚಿದೆ, ಬಾಯಿ ಮುಕ್ಕಾಗಿದೆ. ಮೂರೂ ಬೇರೆ ಬೇರೆ ತೊಂದರೆ, ಮೂರಕ್ಕೂ ಮದ್ದು ಬೇರೆ. ‘ಅಲಗು’ ಚಂದದ ಪದವೇ, ಆದರೆ ಅದು ಇಡೀ ತಗಡನ್ನು ಹೇಳುತ್ತೆ. ಕೊಯ್ಯುವ ಅಂಚಿಗೆ ನಾನು ‘ಬಾಯಿ’ ಅಂತಲೇ ಬರೆದೆ.

ಆದರೆ ಚಾಕು ಪ್ರಿಯರು ಬರೀ ಹರಿತ ನೋಡಿ ಕೊಳ್ಳೋದಿಲ್ಲ. ಹರಿತ ಮಸೆದರೆ ಬರುತ್ತೆ. ಅವರು ಕೇಳೋದು ಉಕ್ಕು ಹೇಗಿದೆ ಅಂತ. ಉಕ್ಕು ಎಷ್ಟು ಗಟ್ಟಿ ಅನ್ನೋದನ್ನು ರಾಕ್‌ವೆಲ್ ಸಿ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಿದಷ್ಟೂ ಗಟ್ಟಿ. ಜರ್ಮನಿಯ ಅಡುಗೆ ಚಾಕುಗಳು ಸಾಮಾನ್ಯವಾಗಿ 56ರಿಂದ 58ರ ಆಸುಪಾಸು. ಜಪಾನಿನವು 60 ದಾಟುತ್ತವೆ. ಗಟ್ಟಿ ಜಾಸ್ತಿಯಾದರೆ ಬಾಯಿ ತುಂಬ ದಿನ ನಿಲ್ಲುತ್ತೆ, ಆದರೆ ಮೂಳೆಗೆ ತಗುಲಿದರೆ ಮುಕ್ಕು ಹಾರುತ್ತೆ. ಮೆದುವಾದರೆ ಬಾಯಿ ಬೇಗ ಮಡಚುತ್ತೆ, ಆದರೆ ನಾಲ್ಕು ಸಲ ಮಸೆದರೆ ಮತ್ತೆ ಬರುತ್ತೆ. ಯಾರಿಗೂ ಎರಡು ತುದಿಗಳು ಬೇಡ. ಬೇಕಾದದ್ದು ಅವರವರ ಕೈಗೆ, ಕೆಲಸಕ್ಕೆ ಒಗ್ಗುವ ನಡುವಿನ ಒಂದು ಜಾಗ. ಅದಕ್ಕೆ ‘ಗಡಸುತನ’ ಅಂತ ಬರೆದರೆ ಅರ್ಧ ಮಾತ್ರ ಹೇಳಿದಂತೆ. ‘ಹದ’ ಅಂದಾಗ ಪೂರ್ತಿ ಬಂತು.

ಕುಲುಮೆಯ ಕೆಲಸ ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಕೆಂಪಗೆ ಕಾದ ಉಕ್ಕನ್ನು ಥಟ್ಟನೆ ನೀರಿಗೋ ಎಣ್ಣೆಗೋ ಅದ್ದಿದರೆ ಅದು ಗಾಜಿನ ಹಾಗೆ ಗಟ್ಟಿಯಾಗುತ್ತೆ. ಗಾಜಿನ ಹಾಗೇ ಒಡೆಯುತ್ತೆ ಕೂಡ. ಅದಕ್ಕೇ ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಸ್ವಲ್ಪ ಕಾಯಿಸುತ್ತಾರೆ. ಆಗ ಮೈಮೇಲೆ ಬಣ್ಣ ಓಡುತ್ತೆ. 220-230 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಣಹುಲ್ಲಿನ ತಿಳಿ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, 300 ಡಿಗ್ರಿಯ ಹೊತ್ತಿಗೆ ನೀಲಿ. ಹರಿತ ನಿಲ್ಲಬೇಕಾದ ಚಾಕುವನ್ನು ಹುಲ್ಲಿನ ಬಣ್ಣದಲ್ಲೇ ನಿಲ್ಲಿಸುತ್ತಾರೆ. ಬಗ್ಗಿ ಮತ್ತೆ ನೆಟ್ಟಗಾಗಬೇಕಾದ ಸ್ಪ್ರಿಂಗನ್ನು ನೀಲಿಯವರೆಗೆ ಬಿಡುತ್ತಾರೆ. ಬಣ್ಣ ನೋಡಿ ತಟ್ಟನೆ ತೆಗೆಯುವ ಆ ಕಣ್ಣಿದೆಯಲ್ಲ, ಬೆಲ್ಲದ ಪಾಕ ನೋಡಿ ಒಲೆಯಿಂದ ಇಳಿಸುವ ಕಣ್ಣೂ ಅದೇ. ಪಾಕಕ್ಕೆ ಹದ, ಹಿಟ್ಟಿಗೆ ಹದ, ಉಳುವ ಮಣ್ಣಿಗೆ ಹದ, ಚರ್ಮಕ್ಕೆ ಹದ. ಕತ್ತಿಗೂ ಹದ.

ಪದದ ಹಳಮೆ ಹೇಳುವುದಾದರೆ, ಹಳಗನ್ನಡದ ‘ಪಾಲ್’ ಹಾಲಾದಂತೆ ‘ಪದ’ ಹದವಾಗಿದೆ. 9ನೇ ಶತಮಾನದ ಕವಿರಾಜಮಾರ್ಗದ ‘ಪದನರಿದು ನುಡಿಯಲುಂ’ ಅನ್ನೋದರಲ್ಲಿ ಇರೋದು ಇದೇ. ಅಲ್ಲಿ ಪದ ಅಂದರೆ ಶಬ್ದ ಅಲ್ಲ, ಹದ. ಮಾತಿನ ಹದ ತಿಳಿದು ಆಡಬಲ್ಲವರು ಅಂತ. ತೆಲುಗಿನಲ್ಲಿ ‘ಪದುನು’ ಅಂದರೆ ಇವತ್ತಿಗೂ ಹರಿತ. ತಮಿಳಿನ ‘ಪದಂ’ ಅಡುಗೆಯ ಪಾಕದ ಮಾತಲ್ಲಿ ದಿನವೂ ಬರುತ್ತೆ. ನಮ್ಮಜ್ಜಿ “ಕುಡುಗೋಲಿಗೆ ಹದ ಇಲ್ಲ” ಅನ್ನುತ್ತಿದ್ದರು. ಅವರ ಬಾಯಲ್ಲಿ ಅದು ನೇರವಾಗಿ ಹರಿತವೇ. ಈಗ ಪೇಪರುಗಳಲ್ಲಿ ರಸ್ತೆ ಹದಗೆಡೋದು, ಆರೋಗ್ಯ ಹದಗೆಡೋದು ಮಾತ್ರ ಕಾಣುತ್ತೆ. ಕೆಟ್ಟ ಮೇಲೆ ಮಾತ್ರ ಪದವನ್ನು ನೆನೆಯುತ್ತೇವೆ ಅನ್ನೋದು ನನಗೆ ಬೇಸರ ತರುತ್ತೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಚಾಕು ಪ್ರಿಯರು ಜಗತ್ತಿನಾದ್ಯಂತ ಗೌರವದಿಂದ ಹೇಳುವ, ದಕ್ಷಿಣ ಭಾರತದ ಹಳೆಯ ‘ವೂಟ್ಜ್’ ಉಕ್ಕಿನ ಹೆಸರು ನಮ್ಮ ‘ಉಕ್ಕು’ವಿನಿಂದಲೇ ಹೋದದ್ದು ಅನ್ನೋದು ಹೆಚ್ಚಿನವರು ಒಪ್ಪುವ ಮಾತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಜಾರ್ಜ್ ಪಿಯರ್ಸನ್ ಬರೆದ ಲೇಖನದಲ್ಲಿ ಆ ರೂಪ ಸಿಗುತ್ತೆ. ಉಕ್ಕಿಗೆ ನಮ್ಮ ಪದ ಅಲ್ಲಿಯವರೆಗೆ ಹೋಗಿದೆ. ಉಕ್ಕಿನ ಗುಣ ಹೇಳಲು ಇಲ್ಲೇ ಇರೋ ಪದವನ್ನು ನಾವು ಬಿಡೋದು ಬೇಡ.

ಈಗ ದಿಂಬು. ಇಲ್ಲೂ ನಮ್ಮ ಗೆಳೆಯರೆಲ್ಲ ಹೇಳಿದ್ದು ‘ಮೀಡಿಯಂ ಫರ್ಮ್’, ಅಂದರೆ ಹದವಾದದ್ದು. ಮೆತ್ತಗಿದ್ದರೆ ತಲೆ ಹೂತುಹೋಗುತ್ತೆ, ಗಟ್ಟಿಯಿದ್ದರೆ ಕಿವಿ ನೋಯುತ್ತೆ. ಮಗ್ಗುಲಾಗಿ ಮಲಗುವವರಿಗೆ ಹೆಗಲಿನ ಅಗಲ ತುಂಬುವಷ್ಟು ಎತ್ತರ ಬೇಕು. ಅಂಗಾತ ಮಲಗುವವರಿಗೆ ಅದಕ್ಕಿಂತ ಕಡಿಮೆ. ಬೋರಲು ಮಲಗುವವರಿಗೆ ತೀರಾ ತೆಳು. ಮಗ್ಗುಲು, ಅಂಗಾತ, ಬೋರಲು! ಒಂದೊಂದು ಭಂಗಿಗೂ ಒಂದೊಂದೇ ಪದ ಇರುವಾಗ ‘ಸೈಡ್ ಸ್ಲೀಪರ್’ ಅಂತ ಬರೆಯೋದು ಯಾಕೆ?

ಒಳಗೆ ತುಂಬೋದರ ಬಗ್ಗೆಯೂ ಜಗಳವೇ ಆಯ್ತು. ಹತ್ತಿ ದಿಂಬು ಕೆಲವು ವರ್ಷಕ್ಕೆ ಗಂಟುಗಂಟಾಗುತ್ತೆ, ಬಿಚ್ಚಿ ಹಿಂಜಿಸಬೇಕು. ಬೂರುಗದ ಅರಳೆ ಹಗುರ, ತಂಪು, ಆದರೆ ಕೂತುಹೋಗುತ್ತೆ. ಜಪಾನಿನ ಚಾಕುಗಳನ್ನು ಮೆಚ್ಚುವ ಗೆಳೆಯರೊಬ್ಬರು ಅಲ್ಲಿನದೇ ‘ಸೊಬಗರ’ ದಿಂಬು ತರಿಸಿದ್ದಾರೆ. ಬಕ್‌ವೀಟ್ ಅನ್ನುವ ಕಾಳಿನ ಹೊಟ್ಟು ತುಂಬಿದ್ದು. ತಲೆಯಿಟ್ಟರೆ ಸರ ಸರ ಸದ್ದು ಮಾಡಿ ಕುತ್ತಿಗೆಯ ಆಕಾರಕ್ಕೆ ಕೂರುತ್ತೆ. ಹೊಟ್ಟು ತೆಗೆದು, ಹಾಕಿ ಎತ್ತರ ಸರಿಮಾಡಿಕೊಳ್ಳಬಹುದು. ಅಂದರೆ ಹದ ಮಾಡಿಕೊಳ್ಳೋದು ಮಲಗುವವರ ಕೈಯಲ್ಲೇ ಇದೆ. ನನಗೆ ನೆನಪಾದದ್ದು ಎಳೆಗೂಸುಗಳಿಗೆ ಮಾಡುವ ರಾಗಿ ದಿಂಬು, ಸಾಸಿವೆ ದಿಂಬು. ಕಾಳು ಸರಿದು ತಲೆಗೆ ಜಾಗ ಕೊಡುತ್ತೆ. (ಈಗ ಮಕ್ಕಳ ಡಾಕ್ಟರುಗಳು ಒಂದು ವರ್ಷದವರೆಗೆ ದಿಂಬೇ ಬೇಡ ಅನ್ನುತ್ತಾರೆ, ಆ ಮಾತನ್ನು ಕೇಳಬೇಕು.)

‘ಜಾಗ ಕೊಡುತ್ತೆ’ ಅಂತ ಬರೆದಾಗಲೇ ‘ತಲೆಗಿಂಬು’ ಹೊಳೆಯಿತು. ತಲೆಗೆ ಇಂಬು, ತಲೆಗಿಂಬು. ಇಂಬು ಅಂದರೆ ನೆಲೆ, ಎಡೆ, ಆಸರೆ. ಹಿತವಾದ ದಿಂಬು ಮಾಡಬೇಕಾದ್ದೆಲ್ಲ ಆ ಒಂದು ಹೆಸರಲ್ಲೇ ಇದೆ. ಉತ್ತರ ಕರ್ನಾಟಕದಲ್ಲಿ ಒರಗುವ ಉದ್ದ ದಿಂಬಿಗೆ ‘ಲೋಡು’ ಅನ್ನುತ್ತಾರೆ, ಅದು ಮರಾಠಿಯಿಂದ ಬಂದದ್ದು.

ಕತ್ತಿ ಮತ್ತು ದಿಂಬು ನಿಜವಾಗಿ ಜೊತೆಯಾಗುವ ಜಾಗವೂ ಒಂದಿದೆ. ಬಾಣಂತಿಯ ತಲೆದಿಂಬಿನ ಅಡಿ ದೃಷ್ಟಿ, ಗಾಳಿ ತಾಗದಿರಲಿ ಅಂತ ಕಬ್ಬಿಣ ಇಡುವ ರೂಢಿ. ನಮ್ಮ ಮನೆಯಲ್ಲಿ ಅಡಕತ್ತರಿ ಇಡುತ್ತಿದ್ದರು.

ಈಗ ಕೇಳಬೇಕಾದ್ದು. ನಿಮ್ಮ ಊರಲ್ಲಿ ‘ಹದ’ ಅಂದರೆ ನೇರವಾಗಿ ಹರಿತ ಅನ್ನೋ ಅರ್ಥ ಉಳಿದಿದೆಯೇ? ಇದ್ದರೆ ಯಾವ ಸೀಮೆ, ಯಾವ ಕ್ರಿಯಾಪದದ ಜೊತೆ ಬರುತ್ತೆ, ಹದ ಹಾಕೋದೋ, ಹದ ಮಾಡೋದೋ, ಹದ ಹಿಡಿಸೋದೋ? ಒಂದು ಇಡೀ ವಾಕ್ಯ ಬರೆದು ಕಳಿಸಿದರೆ ಒಳ್ಳೇದು, ಅದನ್ನು ಆಡಿದವರ ವಯಸ್ಸನ್ನೂ ತಿಳಿಸಿ. ‘ಹದವಾದ ದಿಂಬು’ ಅಂದರೆ ನಿಮ್ಮ ಕಿವಿಗೆ ಸಹಜವೇ? ಇನ್ನು ಅಲಗಿನ ಹಿಂದಿನ ಭಾಗ, ಹಿಡಿಯೊಳಗೆ ಹೂತು ಕೂರುವ ಆ ಕಡ್ಡಿ ಇದೆಯಲ್ಲ, ಚಾಕು ಪ್ರಿಯರು ಮೊದಲು ಕೇಳೋದು ಅದು ಹಿಡಿಯ ಕೊನೆವರೆಗೂ ಇದೆಯೇ ಅಂತಲೇ. ಅದಕ್ಕೆ ನಿಮ್ಮೂರ ಕಮ್ಮಾರರು ಏನನ್ನುತ್ತಾರೆ? ಈ ಭಾನುವಾರ ಯಾರಾದರೂ ಕುಲುಮೆಯ ಕಡೆ ಹೋಗುವುದಿದ್ದರೆ ದಯವಿಟ್ಟು ಕೇಳಿ ಬನ್ನಿ.