ನಾಲ್ಕನೇ ಆಯಾಮನ ಕಿವೀಲಿ ಹಿಡಿಯೋಕಾಗತ್ತಾ?

ಮೂಲೆಮನೆ:
ಟೆಸರಾಕ್ಟ್ ಅಂತಾರಲ್ಲ, ನಾಲ್ಕು ಆಯಾಮದ ಕ್ಯೂಬು, 16 ಮೂಲೆ 32 ಅಂಚು, ಅದರ ಚಿತ್ರ ಎಷ್ಟು ನೋಡಿದ್ರೂ ನಂಗೆ ಡಬ್ಬಿಯೊಳಗೊಂದು ಡಬ್ಬಿ ಅಷ್ಟೇ ಕಾಣೋದು. ಕಣ್ಣಿಗಾಗಲ್ಲ ಅಂದ್ರೆ ಕಿವಿಗೆ ಕೊಡೋಣ ಅಂತ ಪೈಥಾನಲ್ಲಿ ಕೋಡ್ ಬರ್ದೆ. ಮೊದಲ್ನೇ ಆಯಾಮಕ್ಕೆ ಶ್ರುತಿ, ಎರಡನೇದಕ್ಕೆ ವಾಲ್ಯೂಮ್, ಮೂರನೇದಕ್ಕೆ ಎಡಕಿವಿ-ಬಲಕಿವಿ, ನಾಲ್ಕನೇದಕ್ಕೆ ಟೋನ್. ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರೆ ಕೆಟ್ಟೋದ ಮಿಕ್ಸಿ ಥರ ಸದ್ದು. ಎಲ್ಲಿ ಎಡವಿದೆ?

ತಂಬೂರಿ_ತಂತಿ:
ಅಲ್ಲೇ ಎಡವಿದ್ದು ಮಾರಾಯ್ರೆ. ಕ್ಯೂಬಲ್ಲಿ ಎಲ್ಲಾ ದಿಕ್ಕೂ ಸಮ, ಆದ್ರೆ ಶ್ರುತಿ ಕೂದಲೆಳೆಯಷ್ಟು ಜಾರಿದ್ರೂ ಕಿವಿ ಹಿಡಿಯತ್ತೆ, ವಾಲ್ಯೂಮ್ ವಿಷ್ಯದಲ್ಲಿ ಅಷ್ಟು ಚುರುಕಿಲ್ಲ. ದಿಕ್ಕಿಗೊಂದು ಸ್ವರ ಕೊಟ್ಟು ನೋಡಿ. ಸ ಹಿಡ್ಕೊಳ್ಳಿ, ಅದರ ಕಂಪನಾಂಕನ 3ರಿಂದ ಗುಣಿಸಿ ಸ್ಥಾಯಿ ಇಳಿಸಿದ್ರೆ (ಅಂದ್ರೆ ಸ ಇರೋ ಸ್ಥಾಯಿಗೆ ಬರೋವರೆಗೂ 2ರಿಂದ ಭಾಗಿಸಿದ್ರೆ) ಪ, 5ರಿಂದ ಅಂತರ ಗಾಂಧಾರ, 7ರಿಂದ ಕೈಶಿಕಿ ನಿಷಾದಕ್ಕಿಂತ ಒಂಚೂರು ಇಳಿದ ನಿ, 11ರಿಂದ ಎರಡು ಮಧ್ಯಮಗಳ ನಡುವೆ ಎಲ್ಲೂ ಸೇರದ ಒಂದು ಮ. ಎಲ್ಲಾ ಅವಿಭಾಜ್ಯ ಸಂಖ್ಯೆ, ಒಂದನ್ನ ಇನ್ನೊಂದರಿಂದ ಕಟ್ಟೋಕಾಗಲ್ಲ, ಅದಕ್ಕೇ ನಾಲ್ಕು ಬೇರೆ ಬೇರೆ ದಿಕ್ಕು, 16 ಮೂಲೆಗೆ 16 ಸ್ವರ. ಪ ಹಿಡಿದು ಅದರ ಗಾಂಧಾರಕ್ಕೆ ಹೋಗಿ, ಇಲ್ಲಾ ಗ ಹಿಡಿದು ಅದರ ಪಂಚಮಕ್ಕೆ ಹೋಗಿ, ಎರಡು ದಾರೀಲೂ ಬಂದು ನಿಲ್ಲೋದು ಕಾಕಲಿ ನಿಷಾದಕ್ಕೇ (15/8). ಒಂದು ಚೌಕ ಆಯ್ತಲ್ಲ? ಟೆಸರಾಕ್ಟಲ್ಲಿ ಅಂಥವು 24 ಇವೆ. ಹೊಸದೇನಲ್ಲ ಇದು, 3 ಮತ್ತೆ 5 ಇಟ್ಕೊಂಡು ಗಣಿತಜ್ಞ ಆಯ್ಲರ್ 1739ರಲ್ಲೇ ಹೀಗೆ ಸ್ವರ ಜೋಡಿಸಿದ್ದ, ಆಮೇಲೆ ಡಚ್ ಭೌತಶಾಸ್ತ್ರಜ್ಞ ಫೋಕರ್ 7ನೂ ಸೇರಿಸ್ದ.

ಅಲೆಮಾರಿ:
ಚೆನ್ನಾಗಿದೆ, ಆದ್ರೆ ಇದು ಟೆಸರಾಕ್ಟಿನ ನಕ್ಷೆ ಅಷ್ಟೇ, ಆ ಜಾಗದಲ್ಲಿ ಸದ್ದು ಹೆಂಗಿರತ್ತೆ ಅನ್ನೋದಕ್ಕೆ ಉತ್ತರ ಅಲ್ಲ. ಬಯಲಲ್ಲಿ ನಿಂತು ಚಪ್ಪಾಳೆ ತಟ್ಟಿ. ನಮ್ಮಲ್ಲಿ ದೂರ ಎರಡರಷ್ಟಾದ್ರೆ 6 ಡೆಸಿಬೆಲ್ ಇಳಿಯತ್ತೆ, ನಾಲ್ಕು ಆಯಾಮದಲ್ಲಿ 9. ಮಜಾ ಅದಲ್ಲ. 3, 5ರಂಥ ಬೆಸ ಆಯಾಮದಲ್ಲಿ ಚಪ್ಪಾಳೆ ಟಪ್ ಅಂತ ಬಂದು ಮುಗಿದೋಗತ್ತೆ, 2, 4ರಂಥ ಸಮ ಆಯಾಮದಲ್ಲಿ ಗೋಡೆನೇ ಇಲ್ದಿದ್ರೂ ಹಿಂದೆ ಬಾಲ ಎಳ್ಕೊಂಡು ಬರತ್ತೆ. ಅಲ್ಲಿ ಪೂರ್ತಿ ನಿಶ್ಶಬ್ದ ಸಿಗೋದೇ ಕಷ್ಟ, ಮೃದಂಗದವರ ಗತಿ ಏನೋ.

ಮೂಲೆಮನೆ:
ತಂಬೂರಿಯವ್ರೇ, ಮಾಡಿದೆ. ಸ ಇಂದ ಅತೀ ದೂರದ ಮೂಲೆ 3×5×7×11, ಅಂದ್ರೆ 1155. ಸ್ಥಾಯಿ ಇಳಿಸಿದ್ರೆ 1155/1024, ಚತುಶ್ರುತಿ ರಿಷಭಕ್ಕಿಂತ ನಾಲ್ಕೈದು ಸೆಂಟ್ (ಒಂದು ಸ್ಥಾಯಿಗೆ 1200 ಸೆಂಟ್) ಅಷ್ಟೇ ಮೇಲೆ! ನಾಲ್ಕು ಹೆಜ್ಜೆ ದೂರದ್ದು ಸ ಪಕ್ಕದ ಮನೇಲಿ ಕೂತಿದೆ, ಕೋಡಲ್ಲಿ ಬಗ್ಗಾ?

ತಂಬೂರಿ_ತಂತಿ:
ಬಗ್ಗಲ್ಲ. ಶ್ರುತಿ ಅನ್ನೋದು ಒಂದೇ ಗೆರೆ, ನಾಲ್ಕು ದಿಕ್ಕನ್ನ ಅದರ ಮೇಲೆ ಮಡಿಸಿಟ್ರೆ ದೂರದ್ದು ಹತ್ರ ಬೀಳತ್ತೆ. ಅದೊಂದೇ ಸ್ವರ ನುಡಿಸಿದ್ರೆ ಬರೀ ರಿ. ಕೆಳಗೆ ತಂಬೂರಿ ಬಿಟ್ಟು, ಹಿಂದಿನ ಸ್ವರ ನಿಲ್ಲಿಸ್ದೆ ಒಂದೊಂದೇ ಹೆಜ್ಜೆ ನಡೀರಿ, ಆಗ ಬಂದ ದಾರಿ ಕೇಳತ್ತೆ.

ಮೂಲೆಮನೆ:
ನಿನ್ನೆ ರಾತ್ರಿ ಸ್ಪೀಕರಲ್ಲಿ ಹಾಕಿದ್ದೆ. ದಾರಿ ಸ್ವಲ್ಪ ಸ್ವಲ್ಪ ಸಿಗ್ತಿದೆ, ಆದ್ರೆ 11ರ ಕಡೆ ತಿರುಗಿದಾಗ್ಲೆಲ್ಲಾ ಅಡುಗೆಮನೆಯಿಂದ ಅಮ್ಮ "ಮ ತಪ್ತು ಕಣೋ" ಅಂತಾರೆ.