27 ನಿಮಿಷ ಎಲ್ಲಿ ಹೋಯಿತು?

ನಮ್ಮ 'ಹೊಸಮನೆ ಬಳಗ' ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವು, ಹುಟ್ಟುಹಬ್ಬದ ಕೇಕು ಬಿಟ್ಟರೆ ಬೇರೇನೂ ಬರುವುದಿಲ್ಲ. ಮೊನ್ನೆ ಶನಿವಾರ ಮಾತ್ರ ರಾತ್ರಿ ಹನ್ನೊಂದರವರೆಗೆ ಫೋನು ಗುಂಯ್ ಅನ್ನುತ್ತಲೇ ಇತ್ತು. ಸ್ಟಿಕ್ಕರ್, ಕೈಮುಗಿಯುವ ಇಮೋಜಿ ಎಲ್ಲ ತೆಗೆದು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ. ಒಂದು ವಿಷಯ ಗೊತ್ತಿರಲಿ: ರಾಜು ಮಾವ ತಿಪಟೂರಿನ ಒಂದು ಟಾಕೀಸಿನಲ್ಲಿ 31 ವರ್ಷ ಆಪರೇಟರ್ ಆಗಿದ್ದವರು. ನಮ್ಮ ಅಜ್ಜಿಗೆ ಅಳಿಯ.

ಪುಟ್ಟು (ಅಮೆರಿಕ): [ವಿಡಿಯೋ, 40 ಸೆಕೆಂಡು]

ಪುಟ್ಟು: ನಿನ್ನೆ ಲಾಸ್ ವೇಗಸ್‌ನ ಸ್ಫಿಯರ್‌ನಲ್ಲಿ 'ದಿ ವಿಜಾರ್ಡ್ ಆಫ್ ಆಜ್' ನೋಡಿದೆ. ಚೆಂಡಿನ ಹಾಗೆ ಕಟ್ಟಡ. ಒಳಗೆ ಎದುರು, ಪಕ್ಕ, ತಲೆ ಮೇಲೆ ಎಲ್ಲ ಕಡೆ ಪರದೆ. 1,60,000 ಚದರ ಅಡಿ! ಸುಂಟರಗಾಳಿ ಬಂದರೆ ನಿಜವಾಗಿ ಗಾಳಿ ಬೀಸುತ್ತದೆ, ಕುರ್ಚಿ ನಡುಗುತ್ತದೆ, ಮೇಲಿಂದ ಸೇಬು ಬೀಳುತ್ತದೆ. ಮುಂದೆ ಸಿನಿಮಾ ಅಂದರೆ ಇದೇ.

ವೀಣಕ್ಕ: ಸೇಬು ತಲೆ ಮೇಲೆ ಬಿತ್ತಾ?

ಪುಟ್ಟು: ಫೋಮ್‌ನದು ಅಕ್ಕಾ. ನೋವಾಗಲ್ಲ.

ಚೇತು (ಬೆಂಗಳೂರು): ಟಿಕೆಟ್ ಎಷ್ಟು?

ಪುಟ್ಟು: 100 ಡಾಲರ್ ಮೇಲೆ.

ಚೇತು: ಅಷ್ಟಕ್ಕೆ ಇಲ್ಲಿ ಮನೆಮಂದಿಯೆಲ್ಲ ಸಿನಿಮಾ ನೋಡಿ, ಪಾಪ್‌ಕಾರ್ನ್ ತಿಂದು, ಆಟೋದಲ್ಲಿ ವಾಪಸ್ ಬರಬಹುದು.

ರಾಜು ಮಾವ: ಬಾಗಿದ ಪರದೆ ಹೊಸದೇನಲ್ಲ ಕಣೋ. 1968ರಲ್ಲೇ ಗಾಂಧಿನಗರದ ಕಪಾಲಿಯಲ್ಲಿ ಸಿನೆರಾಮಾ ಇತ್ತು. ಅದನ್ನು ನೋಡಲೆಂದೇ ಅಪ್ಪ ನನ್ನನ್ನು ರೈಲಲ್ಲಿ ಕರೆದುಕೊಂಡು ಹೋಗಿದ್ದರು. ಈಗ ಕಪಾಲಿಯೇ ಇಲ್ಲ. ಅದಿರಲಿ, ನೀನು ನೋಡಿದ ಸಿನಿಮಾ 1939ರದು. ಹೆಚ್ಚುಕಮ್ಮಿ ಚೌಕ ಚಿತ್ರ. ಅಷ್ಟಗಲ ಪರದೆಗೆ ಅದು ಹೇಗೆ ಸಾಕಾಯಿತು?

ಪುಟ್ಟು: ಅಲ್ಲೇ ಮಜಾ ಇರುವುದು ಮಾವ. ಚೌಕದ ಆಚೆ ಏನಿತ್ತೋ ಅದನ್ನು ಎಐ ಬರೆದಿದೆ. ಹೊಲ, ಆಕಾಶ, ಬೆಟ್ಟ. ಮಾತು ಮುಗಿಸಿ ಚಿತ್ರದಿಂದ ಆಚೆ ಹೋದವರೂ ಈಗ ಅಲ್ಲೇ ಪಕ್ಕದಲ್ಲಿ ನಿಂತಿರುತ್ತಾರೆ.

ರಾಜು ಮಾವ: ಆಚೆ ಹೊಲಗಿಲ ಏನೂ ಇರಲಿಲ್ಲ ಪುಟ್ಟು. ಆಚೆ ಲೈಟ್‌ಬಾಯ್ ಇದ್ದ.

ಚೇತು: 😂😂

ರಾಜು ಮಾವ: ಒಟ್ಟು ಎಷ್ಟು ಹೊತ್ತು ತೋರಿಸಿದರು?

ಪುಟ್ಟು: 75 ನಿಮಿಷ.

ರಾಜು ಮಾವ: ಅದು 102 ನಿಮಿಷದ ಸಿನಿಮಾ. ಉಳಿದ 27 ನಿಮಿಷ ಎಲ್ಲಿ ಹೋಯಿತು?

(ಮಾವ ಗೂಗಲ್ ಮಾಡಿ ಉತ್ತರ ಇಟ್ಟುಕೊಂಡೇ ಪ್ರಶ್ನೆ ಕೇಳಿದ್ದರು ಅಂತ ಆಮೇಲೆ ಗೊತ್ತಾಯಿತು. ಅವರ ಹಳೇ ಚಾಳಿ.)

ಪುಟ್ಟು: ಈಗ ಯಾರಿಗೂ ಅಷ್ಟು ತಾಳ್ಮೆ ಇಲ್ಲ ಮಾವ. ದಿನಕ್ಕೆ ಆಟವೂ ಜಾಸ್ತಿ ಹಾಕಬೇಕಲ್ವಾ?

ರಾಜು ಮಾವ: 2,000 ಅಡಿಯ ರೀಲು ಓಡುವುದು 22 ನಿಮಿಷ. ಅವರು ಒಂದು ರೀಲಿಗಿಂತ ಜಾಸ್ತಿ ನುಂಗಿದ್ದಾರೆ. ನಮ್ಮಲ್ಲಿ ಒಂದು ರೀಲು ಹಾರಿಸಿದ್ದರೆ ಗಾಂಧಿ ಕ್ಲಾಸಿನವರು ಬೆಂಚು ಎತ್ತಿಕೊಂಡು ಕ್ಯಾಬಿನ್ನಿಗೆ ಬರುತ್ತಿದ್ದರು. ನೀನು 100 ಡಾಲರ್ ಕೊಟ್ಟು ಚಪ್ಪಾಳೆ ತಟ್ಟಿ ಬಂದಿದ್ದೀಯ.

ಪುಟ್ಟು: ಸರಿ, ನಾನೂ ಒಂದು ಕೇಳುತ್ತೇನೆ. 1971ರ ಕಪ್ಪುಬಿಳುಪು 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಬಂತು. ನನ್ನ ಟ್ಯೂಷನ್ ತಪ್ಪಿಸಿ ಕರೆದುಕೊಂಡು ಹೋದವರು ಯಾರು? ಕೊನೆಯಲ್ಲಿ ಕರ್ಚೀಫು ಒದ್ದೆ ಮಾಡಿಕೊಂಡವರು ಯಾರು?

ವೀಣಕ್ಕ: ಟ್ಯೂಷನ್ ತಪ್ಪಿಸಿದ್ದು ಅಮ್ಮನಿಗೆ ಈಗ ಗೊತ್ತಾಗುತ್ತದೆ.

ರಾಜು ಮಾವ: ಬಣ್ಣ ಬಳಿದರು, ಒಪ್ಪಿದೆ. ರಾಜಣ್ಣನ ಪಕ್ಕಕ್ಕೆ ಇಲ್ಲದವರನ್ನು ತಂದು ನಿಲ್ಲಿಸಲಿಲ್ಲ.

ವೀಣಕ್ಕ: ಇದಕ್ಕಿಂತ ದೊಡ್ಡದು ಆಗಿದೆ ಮಾವ. 2013ರ 'ರಾಂಝಣಾ' ಇದೆಯಲ್ಲ, ಅದರ ತಮಿಳು ರೂಪವನ್ನು 2025ರ ಆಗಸ್ಟಿನಲ್ಲಿ ಮತ್ತೆ ಬಿಟ್ಟರು. ಎಐ ಹಾಕಿ ಕೊನೆಯನ್ನೇ ಬದಲಾಯಿಸಿ. ಮೊದಲು ಸತ್ತಿದ್ದ ನಾಯಕ ಈಗ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಾನೆ. ನಿರ್ದೇಶಕರು ಬೇಡ ಅಂದರು, ಧನುಷ್ ಬೇಡ ಅಂದರು. ಹಕ್ಕು ಇದ್ದದ್ದು ನಿರ್ಮಾಣ ಸಂಸ್ಥೆಯ ಕೈಯಲ್ಲಿ. ಬಿಡುಗಡೆ ಆಗಿಯೇ ಹೋಯಿತು.

ರಾಜು ಮಾವ: ನಾಳೆ ಕಸ್ತೂರಿ ನಿವಾಸದಲ್ಲಿ ರಾಜಣ್ಣನನ್ನೂ ಬದುಕಿಸುತ್ತಾರೆ ಬಿಡು.

ಸುಮಾ ಅತ್ತೆ: ಬದುಕಿದರೆ ಒಳ್ಳೆಯದೇ ಅಲ್ವಾ? ಪಾಪ.

(ಇಲ್ಲಿ 'ರಾಜು ಮಾವ ಟೈಪಿಂಗ್' ಅಂತ ನಾಲ್ಕೈದು ನಿಮಿಷ ತೋರಿಸಿತು. ಏನೂ ಬರಲಿಲ್ಲ. ಇಬ್ಬರೂ ಕೂತಿದ್ದದ್ದು ಒಂದೇ ಹಾಲಿನಲ್ಲಿ, ನೇರವಾಗಿಯೇ ಹೇಳಿರಬೇಕು.)

ಚೇತು: ಸುಮ್ನೆ ಯಾಕೆ ಜಗಳ. ಇನ್ನು ಸ್ವಲ್ಪ ವರ್ಷಕ್ಕೆ ಇದೆಲ್ಲ ಮನೆಗೇ ಬರುತ್ತದೆ. ಆಪಲ್‌ನವರ ವಿಷನ್ ಪ್ರೊ 2024ರ ಫೆಬ್ರವರಿಯಲ್ಲೇ ಬಂತು. ಕಣ್ಣಿಗೆ ಕಟ್ಟಿಕೊಂಡರೆ ಎದುರಿಗೆ ಇಡೀ ಟಾಕೀಸು. ಯಾರಿಗೆ ಯಾವ ಕೊನೆ ಬೇಕೋ ಅದನ್ನು ನೋಡಿಕೊಳ್ಳಲಿ. ಅತ್ತೆಗೆ ಬದುಕಿದ ರಾಜಣ್ಣ, ಮಾವನಿಗೆ ಸತ್ತ ರಾಜಣ್ಣ.

ವೀಣಕ್ಕ: 3,499 ಡಾಲರ್ ಅದು. ಅರ್ಧ ಕೆಜಿಗಿಂತ ಜಾಸ್ತಿ ಭಾರ. ಒಬ್ಬರಿಗೆ ಒಂದು. ಈಗಲೇ ನಮ್ಮ ಮನೆಯಲ್ಲಿ ಒಂದೇ ಸೋಫಾದ ಮೇಲೆ ಮೂರು ಜನ, ಮೂರು ಸಿನಿಮಾ. ಮೊನ್ನೆ ನಾನು ಯಾವುದೋ ತಮಾಷೆಗೆ ಜೋರಾಗಿ ನಕ್ಕೆ, ಮಗಳು ಇಯರ್‌ಫೋನ್ ತೆಗೆದು 'ಏನಾಯ್ತು?' ಅಂತ ಹೆದರಿ ಕೇಳಿದಳು.

ಚೇತು: ಹಾಗಾದರೆ ಟಾಕೀಸಿಗೇ ಹೋಗಿ. ಅವೂ ಬದಲಾಗಿವೆ. ಎಂ.ಜಿ. ರಸ್ತೆಯ ಶಂಕರನಾಗ್ ಚಿತ್ರಮಂದಿರದಲ್ಲಿ 2019ರಲ್ಲೇ 14 ಮೀಟರ್ ಎಲ್‌ಇಡಿ ಪರದೆ ಹಾಕಿದರು. ಪ್ರೊಜೆಕ್ಟರೇ ಇಲ್ಲ. ದೊಡ್ಡ ಟಿವಿ ಇದ್ದ ಹಾಗೆ.

ರಾಜು ಮಾವ: ಗೊತ್ತು. ಹೋಗಿ ನೋಡಿದ್ದೇನೆ. ಕಪ್ಪು ಅಂದರೆ ಕಾಡಿಗೆ ಕಪ್ಪು. ಪ್ರೊಜೆಕ್ಟರಿನಲ್ಲಿ ಅಷ್ಟು ಕಪ್ಪು ಬರುವುದಿಲ್ಲ, ಬೂದು ಬರುತ್ತದೆ. ಅದನ್ನು ಒಪ್ಪಲೇಬೇಕು. ಆದರೆ ನಮ್ಮ ಬಿಳಿ ಪರದೆ ತುಂಬ ಸಣ್ಣ ಸಣ್ಣ ತೂತು. ಹತ್ತಿರ ಹೋದರೆ ಮಾತ್ರ ಕಾಣುತ್ತದೆ. ಹಿಂದೆ ಸ್ಪೀಕರ್. ಮುಖ ಎಲ್ಲಿದೆಯೋ ಅಲ್ಲಿಂದಲೇ ಮಾತು ಬರಬೇಕು, ಅದಕ್ಕೆ. ಎಲ್‌ಇಡಿ ಹಲಗೆಯ ಹಿಂದೆ ಸ್ಪೀಕರ್ ಇಟ್ಟರೆ ಶಬ್ದ ಆಚೆ ಬರುವುದು ಹೇಗೆ? ಮೇಲೋ ಪಕ್ಕಕ್ಕೋ ಇಡಬೇಕು.

ಅಜ್ಜಿ: [ವಾಯ್ಸ್, 1:12]

(ಕೇಳಿಸಿಕೊಂಡು ಬರೆದದ್ದು ನಾನು.) "ಮಾತಿನ ವಿಷಯ ಬಂತಲ್ಲ, ಅದಕ್ಕೇ ಹೇಳುತ್ತೇನೆ. ಈ ಹೊಸ ಟಿವಿಯಲ್ಲಿ ನನಗೆ ಒಂದು ಮಾತೂ ಸರಿಯಾಗಿ ಕೇಳುವುದಿಲ್ಲ. ಗೊಣಗೊಣ ಅನ್ನುತ್ತಾರೆ. ಫೈಟಿಂಗ್ ಬಂತೋ, ಪಾತ್ರೆ ಎಲ್ಲ ಅದುರುತ್ತದೆ. ರಿಮೋಟು ಜಪಮಾಲೆ ಆಗಿದೆ, ಒತ್ತುತ್ತಲೇ ಇರಬೇಕು. ನನ್ನ ಕಿವಿ ಏನೂ ಕೆಟ್ಟಿಲ್ಲ. ಪಕ್ಕದ ಮನೆಯವರು ಏನು ಮಾತಾಡಿಕೊಳ್ಳುತ್ತಾರೆ ಎಲ್ಲ ಕೇಳುತ್ತದೆ."

ರಾಜು ಮಾವ: ನಿಮ್ಮ ಕಿವಿಯದು ತಪ್ಪಲ್ಲ ಅತ್ತೆ. ಹಳೇ ಡಬ್ಬಾ ಟಿವಿಯ ಸ್ಪೀಕರ್ ನಿಮ್ಮ ಕಡೆ ಮುಖ ಮಾಡಿತ್ತು. ಈಗಿನ ತೆಳ್ಳನೆ ಟಿವಿಯದು ನೆಲದ ಕಡೆಗೋ ಗೋಡೆ ಕಡೆಗೋ ತಿರುಗಿರುತ್ತದೆ. ಜೊತೆಗೆ ಸಿನಿಮಾದ ಧ್ವನಿ ಮಾಡುವುದು ಟಾಕೀಸಿನ ಲೆಕ್ಕದಲ್ಲಿ. ಮಾತಿಗೆ ಅಂತಲೇ ನಡುವೆ ಒಂದು ಸ್ಪೀಕರ್. ಅದನ್ನೆಲ್ಲ ಎರಡು ಪುಟ್ಟ ಸ್ಪೀಕರಿಗೆ ತುರುಕಿದರೆ ಮಾತು ಸಂಗೀತದ ಅಡಿಗೆ ಬೀಳುತ್ತದೆ.

ಪುಟ್ಟು: ಅದಕ್ಕೂ ಎಐ ಇದೆ ಅಜ್ಜಿ. ಪ್ರೈಮ್ ವಿಡಿಯೋದಲ್ಲಿ 2023ರಿಂದ ಡೈಲಾಗ್ ಬೂಸ್ಟ್ ಅಂತ ಇದೆ. ಮಾತು ಯಾವುದು, ಸದ್ದು ಯಾವುದು ಅಂತ ಗುರುತಿಸಿ ಮಾತನ್ನು ಮಾತ್ರ ಎತ್ತುತ್ತದೆ. ಎಲ್ಲ ಸಿನಿಮಾಕ್ಕೂ ಇಲ್ಲ, ಕೆಲವಕ್ಕೆ.

ರಾಜು ಮಾವ: ಇದು ಬೇಕಾದರೆ ಒಪ್ಪುತ್ತೇನೆ. ಇದ್ದ ಮಾತನ್ನು ಕೇಳಿಸುತ್ತಾರೆ, ಸಂತೋಷ. ಇಲ್ಲದ್ದನ್ನು ಸೇರಿಸುವುದು ಅಧಿಕಪ್ರಸಂಗ.

ಪುಟ್ಟು: ಇದ್ದದ್ದನ್ನು ತೆಗೆಯುವುದು?

ರಾಜು ಮಾವ: ಕಳ್ಳತನ.

ಸುಮಾ ಅತ್ತೆ: ರೀ, ಹಾಗಾದರೆ ನಮ್ಮ ಮದುವೆಯಾದ ವರ್ಷ, ಆ ಜಡಿಮಳೆ ದಿನದ ಸೆಕೆಂಡ್ ಶೋ?

ರಾಜು ಮಾವ: ಸುಮಾ, ಅದೆಲ್ಲ ಇಲ್ಲಿ ಯಾಕೆ.

ವೀಣಕ್ಕ: ಹೇಳಿ ಅತ್ತೆ, ಹೇಳಿ. ಎಲ್ಲರೂ ಕಾಯುತ್ತಿದ್ದೇವೆ.

ಸುಮಾ ಅತ್ತೆ: ಸೆಕೆಂಡ್ ಶೋ ಇದ್ದರೆ ಇವರು ಬರುವುದು ಒಂದು ಗಂಟೆಗೆ. ಅವತ್ತು ಹನ್ನೆರಡೂ ಮುಕ್ಕಾಲು ಆಗುವ ಮುಂಚೆ ಬಾಗಿಲು ಬಡಿದರು. ಕಳ್ಳರು ಅಂದುಕೊಂಡು ಒನಕೆ ಹಿಡಿದು ನಿಂತಿದ್ದೆ. ಒಳಗೆ ಬಂದು ತಲೆ ಒರೆಸಿಕೊಳ್ಳುತ್ತಾ ನಿಧಾನಕ್ಕೆ ಹೇಳಿದರು, "ಒಂದು ರೀಲು ಡಬ್ಬದಲ್ಲೇ ಬಿಟ್ಟೆ" ಅಂತ.

ಚೇತು: ಮಾವಾ!!! 🔥🔥

ಪುಟ್ಟು: ಒಂದು ರೀಲು ಅಂದರೆ 22 ನಿಮಿಷ. ಈಗ ತಾನೇ ನೀವೇ ಹೇಳಿದಿರಿ. ಸ್ಫಿಯರ್‌ನವರು ನಿಮಗಿಂತ 5 ನಿಮಿಷ ಜಾಸ್ತಿ ಕದ್ದಿದ್ದಾರೆ, ಅಷ್ಟೇ.

ರಾಜು ಮಾವ: ಒಳಗೆ ಮೂವತ್ತು ಜನವೂ ಇರಲಿಲ್ಲ. ಅರ್ಧ ಜನ ನಿದ್ದೆ. ಮಳೆ ಸದ್ದಿಗೆ ಮಾತೂ ಕೇಳುತ್ತಿರಲಿಲ್ಲ.

ಪುಟ್ಟು: ಗಾಂಧಿ ಕ್ಲಾಸಿನವರು ಬೆಂಚು ಎತ್ತಲಿಲ್ವಾ?

ರಾಜು ಮಾವ: ಹಾಡು ಇದ್ದ ರೀಲು ಮುಟ್ಟಿರಲಿಲ್ಲ.

ಅಜ್ಜಿ: [ವಾಯ್ಸ್, 0:19]

"ಅಳಿಯಂದಿರೇ, ಅದು ಯಾವ ಸಿನಿಮಾ? ಆ ಜಡಿಮಳೆಯಲ್ಲಿ ನಾನೂ ಹಿಂದಿನ ಮನೆಯವರ ಜೊತೆ ಸೆಕೆಂಡ್ ಶೋಗೆ ಬಂದಿದ್ದೆ. ಸಿನಿಮಾದಲ್ಲಿ ನಾಯಕಿಯ ಮದುವೆಗೆ ಅಷ್ಟು ಹೊತ್ತು ಒಪ್ಪದಿದ್ದ ಅವಳ ಅಪ್ಪ ಇದ್ದಕ್ಕಿದ್ದ ಹಾಗೆ ಹಾರ ಹಿಡಿದು ನಿಂತಿದ್ದ. ಯಾಕೆ ಒಪ್ಪಿದ ಅಂತ ಇವತ್ತಿಗೂ ನನಗೆ ತಿಳಿದಿಲ್ಲ."

ಎರಡು ನೀಲಿ ಟಿಕ್ ಬಿದ್ದು ಮೂರು ದಿನ ಆಯಿತು. ಮಾವ ಇನ್ನೂ ಉತ್ತರ ಕೊಟ್ಟಿಲ್ಲ.